ಎಫ್ ಒತ್ತಿದರೆ ಒತ್ತು

ನಿಮ್ಮ ಮನೆಯ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋದ ಅಕ್ಷರ ಯಾವುದು ಎಂದು ಎಂದಾದರೂ ನೋಡಿದ್ದೀರಾ? ನೋಡಿರುವುದಿಲ್ಲ ಬಿಡಿ. ನಾನೂ ನೋಡಿರಲಿಲ್ಲ. ಒಂದು ಬೆಳಿಗ್ಗೆ ಮನೆ ಗುಡಿಸುವ ಹುರುಪಿನಲ್ಲಿ ನಮ್ಮ ಹಳೆಯ ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ನಾಲ್ಕು ಗುದ್ದಿದೆ. ಚಕ್ಕುಲಿ ಚೂರು, ಒಣಗಿದ ಸೇವಂತಿಗೆ ಎಸಳು, ಆಯುಧಪೂಜೆಯ ಕುಂಕುಮ, ಒಂದೆರಡು ಅಕ್ಷತೆಕಾಳು, ಯಾವ ಕಾಲದಲ್ಲಿ ಸತ್ತಿತೋ ಒಂದು ಇರುವೆ, ಎಲ್ಲ ಉದುರಿದವು. ಮತ್ತೆ ನೆಟ್ಟಗೆ ತಿರುಗಿಸಿದಾಗ ಕಂಡಿತು. ಇಂಗ್ಲಿಷಿನ ಎಫ್ ಇರಬೇಕಾದ ಜಾಗ ಬೋಳಾಗಿದೆ. ಅಕ್ಷರ ಮಾತ್ರವಲ್ಲ, ನೋಡದೆಯೂ ಬೆರಳಿಗೆ ಗುರುತು ಸಿಗಲಿ ಎಂದು ಆ ಕೀಲಿಯ ಮೇಲೆ ಒಂದು ಸಣ್ಣ ಗೀಟು ಉಬ್ಬಿಸಿರುತ್ತಾರಲ್ಲ, ಅದೂ ಸವೆದುಹೋಗಿ ಹುಣಸೆಬೀಜದ ಹಾಗೆ ನುಣ್ಣಗಾಗಿದೆ.

ಬರೀ ಇಂಗ್ಲಿಷ್ ಹೊಡೆಯುವವರ ಮನೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಇ ಅಳಿಸಬಹುದು, ಎ ಅಳಿಸಬಹುದು. ಎಫ್ ಅಳಿಸಿದೆ ಎಂದರೆ ಅದು ಕನ್ನಡ ಹೊಡೆದ ಕೈ ಎಂದೇ ಲೆಕ್ಕ. ನಮ್ಮ ಹಳೆಯ ಕನ್ನಡ ಕೀಲಿಮಣೆಯಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸುವ ಕೆಲಸ ಎಫ್‌ನದು. ಮ ಹೊಡೆದು, ಎಫ್ ಹೊಡೆದು, ಮತ್ತೆ ಮ ಹೊಡೆದರೆ ‘ಮ್ಮ’ ಬರುತ್ತದೆ. ನನಗೆ ಟೈಪಿಂಗ್ ಕಲಿಸುವಾಗ ನಮ್ಮ ಮನೆಯವರು ಹೇಳಿದ ಮೊದಲ ಪಾಠವೇ ಅದು: “ಎಫ್ ಒತ್ತಿದರೆ ಒತ್ತು.” ನೀವೇ ಯೋಚಿಸಿ ನೋಡಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಒತ್ತಿಲ್ಲದೆ ನಮ್ಮಲ್ಲಿ ನೆಂಟಸ್ತಿಕೆಯೇ ಇಲ್ಲ. ಮಾವ, ಭಾವನಂಥ ಕೆಲವರು ಹೇಗೋ ತಪ್ಪಿಸಿಕೊಂಡಿದ್ದಾರೆ.

ನನ್ನ ಹೆಸರು ಪುಟ್ಟಮ್ಮ. ಹುಣಸಮಾರನಹಳ್ಳಿಯ ಹೆಣ್ಣು. ಹುಟ್ಟಿದಾಗ ಮೊಲದ ಮರಿಯಷ್ಟಿದ್ದೆನಂತೆ, ಅದಕ್ಕೇ ಆ ಹೆಸರು. ಈಗ ಶೇರ್ ಆಟೋದವರು ನನ್ನನ್ನು ಒಮ್ಮೆ ನೋಡಿ, ಹಿಂದಿನ ಸೀಟನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು ಹತ್ತಿಸಿಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲಿ ಈ ಹೆಸರನ್ನು ಬದಲಾಯಿಸಿಕೊಂಡು ಸುಮಾ ಎಂದೋ ಸುಧಾ ಎಂದೋ ಆಗಬೇಕೆಂದು ಬಹಳ ಆಸೆಪಟ್ಟಿದ್ದೆ. ನಮ್ಮ ಮನೆಯವರು, ಅಂದರೆ ರಾಜಣ್ಣನವರು, ಒಪ್ಪಲಿಲ್ಲ. ಅವರು ಆರ್.ಟಿ. ನಗರದಲ್ಲಿ ಒಂದು ಬೇಕರಿಗೂ ಒಂದು ಟೈಲರ್ ಅಂಗಡಿಗೂ ನಡುವೆ ಡಿಟಿಪಿ ಅಂಗಡಿ ಇಟ್ಟ ಮೇಲಂತೂ ಅದಕ್ಕೊಂದು ಹೊಸ ಕಾರಣವೇ ಸಿಕ್ಕಿಬಿಟ್ಟಿತು.

“ಸುಮಾ ಅಂತೆ ಸುಮಾ! ಅದ್ರಲ್ಲಿ ಏನಿದೆ ಹೊಡೆಯೋಕೆ? ಪುಟ್ಟಮ್ಮ ಅಂತ ಹೊಡೆದ್ರೆ ಎರಡು ಸಲ ಎಫ್ ಬೀಳುತ್ತೆ ಕಣೇ. ಒಂದೇ ಹೆಸರಿಗೆ ಎರಡೆರಡು ಸಲ ಒತ್ತು ಕೊಡ್ಬೇಕು ಅಂದ್ರೆ ಅದೇನ್ ಸಾಮಾನ್ಯ ಹೆಂಗಸಾ?”

ಹೊಗಳಿಕೆಯೋ ಗೇಲಿಯೋ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಆದರೆ ಆಮೇಲೆ ಸುಮಾಳ ಸುದ್ದಿ ಎತ್ತಲಿಲ್ಲ.

ಅಂಗಡಿಗೆ ಮೊದಲ ಕಂಪ್ಯೂಟರ್ ಬಂದ ದಿನ ನೆನಪಾದರೆ ಈಗಲೂ ನಗು ಬರುತ್ತದೆ. ಧೂಳು ಬಿದ್ದರೆ ಅದಕ್ಕೆ ಆಗಿಬರುವುದಿಲ್ಲವೆಂದು ಯಾರೋ ಹೆದರಿಸಿದ್ದರು. ಬಾಗಿಲಲ್ಲಿ ‘ಪಾದರಕ್ಷೆ ಹೊರಗೆ ಬಿಡಿ’ ಎಂದು ಬೋರ್ಡು ಬಿತ್ತು. ನನ್ನ ಮದುವೆಯ ರವಿಕೆ ಬಟ್ಟೆಯಲ್ಲಿ ಮಿಕ್ಕಿದ್ದನ್ನು ಹೊಲಿಸಿ ಮಾನಿಟರಿಗೊಂದು, ಸಿಪಿಯುಗೊಂದು ಜರಿಯಂಚಿನ ಅಂಗಿ ತೊಡಿಸಿದೆವು. ಊದುಬತ್ತಿ ವಾಸನೆ ಬೇರೆ. ಮೊಮ್ಮಗಳ ಲಗ್ನಪತ್ರಿಕೆಗೆಂದು ಬಂದ ಜಕ್ಕೂರಿನ ಅಜ್ಜನೊಬ್ಬ ಚಪ್ಪಲಿ ಬಿಟ್ಟು, ಟವೆಲು ಸೊಂಟಕ್ಕೆ ಕಟ್ಟಿ, ಮಾನಿಟರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಮಾತಿಗೆ ಕೂತ. ನಮ್ಮವರು ಬೇಡ ಎನ್ನಲಿಲ್ಲ. ಒಂದು ಕ್ಷಣ ಅವರಿಗೂ ತಾವು ಪೂಜಾರಿ ಅನ್ನಿಸಿರಬೇಕು, ಬೆನ್ನು ನೆಟ್ಟಗಾಗಿತ್ತು.

ಅವರು ತಮ್ಮ ಕೆಲಸದ ಬಗ್ಗೆ ಜಂಬದ ಮನುಷ್ಯ. ಒಂದು ಒತ್ತು ತಪ್ಪಿದರೆ ಊರೇ ಮುಳುಗಿತು ಎನ್ನುವ ಹಾಗೆ ಆಡುತ್ತಿದ್ದರು. ಹಾಗೆಂದು ತಪ್ಪಿಲ್ಲವೇ? ತಪ್ಪಿದೆ. ನಿವೃತ್ತ ಹೆಡ್‌ಮಾಸ್ಟರರೊಬ್ಬರು ತಮ್ಮ ಆತ್ಮಕಥೆಯನ್ನು ಟೈಪು ಮಾಡಿಸಲು ತಂದಿದ್ದರು. ಹೆಸರು ‘ನನ್ನ ಕತೆ’. ಎಫ್ ಒತ್ತುವ ಅಭ್ಯಾಸಬಲದಿಂದ ಇವರು ಅದಕ್ಕೊಂದು ಒತ್ತು ಕೊಟ್ಟು ‘ನನ್ನ ಕತ್ತೆ’ ಎಂದು ದೊಡ್ಡಕ್ಷರದಲ್ಲಿ ಮುಖಪುಟ ತೆಗೆದು ಕೈಗಿತ್ತರು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು. “ಪರವಾಗಿಲ್ಲ ರಾಜಣ್ಣ, ನಮ್ಮನೆಯವಳು ಓದಿದ್ರೆ ಈಗ ಸರಿಯಾಗಿದೆ ಅಂತಾಳೆ” ಎಂದರು. ನಾನು ಅಂಗಡಿಯ ಪರದೆಯ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಇವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಲಗ್ನಪತ್ರಿಕೆ ಹೊಡೆಯುವುದರಲ್ಲಿ ಅವರದೊಂದು ಪದ್ಧತಿಯಿತ್ತು. ಎಲ್ಲರೂ ಮೇಲಿನ ದೇವರ ಹೆಸರಿನಿಂದ ಶುರುಮಾಡಿದರೆ ಇವರು ಕೆಳಗಿನ ಕೊನೆಯ ಸಾಲಿನಿಂದ ಶುರು. ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮೊದಲು ಹೊಡೆದು, ಅದರ ಕೆಳಗೆ ಹೆಣ್ಣಿನ ಅಥವಾ ಗಂಡಿನ ಹೆತ್ತವರ ಸಾಲು ಕೂರಿಸಿ, ಆಮೇಲೆ ಮೇಲಕ್ಕೆ ಏರುತ್ತಿದ್ದರು. ಯಾಕೆಂದು ಕೇಳಿದರೆ, “ಕರೆಯೋರು ಯಾರು ಅಂತ ಮೊದ್ಲು ಗೊತ್ತಾಗ್ಬೇಕಲ್ವೇನೆ? ಬಾಗಿಲಲ್ಲಿ ಯಾರೂ ಇಲ್ದೆ ಚಪ್ಪರ ಹಾಕ್ತಾರಾ?” ಎನ್ನುತ್ತಿದ್ದರು.

ಆ ಕೊನೆಯ ಸಾಲಿನ ಬಗ್ಗೆ ನನ್ನದೊಂದು ತಕರಾರಿತ್ತು. ಅಲ್ಲಿ ಯಾವಾಗಲೂ ‘ಶ್ರೀಮತಿ ಮತ್ತು ಶ್ರೀ’ ಎಂದು ಹಾಕಿ ಗಂಡನ ಹೆಸರು ಮಾತ್ರ ಬರೆಯುವುದು ರೂಢಿ. ಶ್ರೀಮತಿಗೆ ಹೆಸರಿಲ್ಲ. ಹೆತ್ತವಳು ಅವಳು, ಚಕ್ಕುಲಿ ಕರಿಯುವವಳು ಅವಳು, ಮದುವೆಯ ದಿನ ಸೀರೆ ಉಡಲೂ ಹೊತ್ತಿಲ್ಲದೆ ಓಡಾಡುವವಳು ಅವಳು, ಪತ್ರಿಕೆಯಲ್ಲಿ ಬರೀ ಶ್ರೀಮತಿ. “ಇದೇನ್ರೀ ಇದು, ಯಾವ ಶ್ರೀಮತಿ ಅಂತ ಬಂದವರು ಹುಡುಕ್ಬೇಕಾ?” ಎಂದು ಜಗಳ ತೆಗೆಯುತ್ತಿದ್ದೆ. “ಗಿರಾಕಿ ಬರ್ಕೊಟ್ಟಂಗೆ ಹೊಡೆಯೋದಮ್ಮ ನನ್ ಕೆಲ್ಸ. ನಮ್ ಮನೇದು ಬಂದಾಗ ನೋಡೋಣ” ಎಂದು ಇವರು ಜಾರಿಕೊಳ್ಳುತ್ತಿದ್ದರು. ನಮ್ಮ ಮಗಳು ಸ್ಮಿತಾ ಆಗ ಸ್ಕೂಲು ಮುಗಿಸಿ ಬಂದು ಅದೇ ಮೇಜಿನ ಕೆಳಗೆ ಕೂತು, ಹಾಳಾದ ಪತ್ರಿಕೆಗಳ ಬೆನ್ನಿಗೆ ಚಿತ್ರ ಬರೆಯುತ್ತಿದ್ದಳು. ಅವಳ ತಲೆ ನೇವರಿಸಿ, “ಇವಳ ಪತ್ರಿಕೆ ಮಾತ್ರ ನಾನೇ ಹೊಡೀತೀನಿ. ಬೇರೆ ಯಾವನೂ ಮುಟ್ಟಂಗಿಲ್ಲ” ಎನ್ನುತ್ತಿದ್ದರು. ಸ್ಮಿತಾ ಮೇಜಿನ ಕೆಳಗಿನಿಂದಲೇ, “ಚಿನ್ನದ ಇಂಕಲ್ಲಿ ಅಪ್ಪ” ಎಂದು ಆರ್ಡರು ಕೊಡುತ್ತಿದ್ದಳು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಇವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು. ಕಾಲು ನಿಧಾನವಾಗಿ ಬಂತು. ಮಾತು ಅರ್ಧಂಬರ್ಧ ಬಂತು. ವಿಚಿತ್ರ ನೋಡಿ, ಬಂದ ಮಾತಿನಲ್ಲಿ ಒತ್ತುಗಳೇ ಇರಲಿಲ್ಲ. ಅಕ್ಕಿಗೆ ‘ಅಕಿ’, ಹಲ್ಲಿಗೆ ‘ಹಲು’, ಹುಣಸಮಾರನಹಳ್ಳಿ ರೈಲಿನ ‘ಹಳಿ’ಯಾಯಿತು. ನಾನು ‘ಪುಟಮ’ ಆದೆ. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಎದುರಿಗೆ ಕೂತು, “ಅಂಕಲ್, ಅಪ್... ಪ. ಎಲ್ಲಿ ಹೇಳಿ” ಎಂದು ಒಂದನೇ ಕ್ಲಾಸಿನ ಮಗುವಿಗೆ ಹೇಳಿಕೊಡುವಂತೆ ಹೇಳಿಕೊಡುತ್ತಿದ್ದಳು. ಒಳ್ಳೆಯ ಹುಡುಗಿ. ಆದರೆ ಒತ್ತಿನ ಮನುಷ್ಯನಿಗೆ ಒತ್ತು ಹೇಳಿಕೊಟ್ಟರೆ ಹೇಗಿರುತ್ತದೆ? ಇವರು ಮುಖ ತಿರುಗಿಸಿ, ಇದ್ದ ಮಾತನ್ನೂ ಬಿಟ್ಟರು. ಏನು ಕೇಳಿದರೂ ಎಡಗೈ ಎತ್ತಿ ಹ್ಞೂಂ, ಉಹ್ಞೂಂ. ಅಂಗಡಿ ಮುಚ್ಚಿ ಕಂಪ್ಯೂಟರನ್ನು ಮನೆಗೆ ತಂದು ಹಾಲಿನ ಮೂಲೆಯಲ್ಲಿಟ್ಟೆವು. ನಾನು ಅದಕ್ಕೆ ಮತ್ತೆ ಅಂಗಿ ತೊಡಿಸಿದೆ.

ಆ ಮೌನದ ಮನೆಗೆ ಗದ್ದಲ ತಂದವನು ವಿನಯ್. ಸ್ಮಿತಾ ಮೆಚ್ಚಿದ ಹುಡುಗ, ಜಕ್ಕೂರಿನಲ್ಲಿ ಬಾಡಿಗೆ ಮನೆ, ಮೂಲ ಧಾರವಾಡದ ಕಡೆ. ಜಾತಕ ಕೂಡಿತು, ಎರಡೂ ಕಡೆಯವರು ಒಪ್ಪಿದರು, ಹುಡುಗ ಚಿನ್ನ. ಒಂದೇ ಒಂದು ಕೊರತೆ. ನಮ್ಮ ಹುಡುಗಿ ಸೇಬಿನವಳು, ಅವನು ಕಿಟಕಿಯವನು. ಕಂಪನಿಗಳ ಹೆಸರು ನಿಮಗೆಲ್ಲ ಗೊತ್ತು, ನಾನು ಹೇಳಿ ಯಾಕೆ ಒಂದು ಕಡೆಯವಳಾಗಲಿ? ಸ್ಮಿತಾಳ ಕಂಪ್ಯೂಟರಿನ ಬೆನ್ನ ಮೇಲೆ ಕಚ್ಚಿದ ಸೇಬಿದೆ. ವಿನಯನದರಲ್ಲಿ ಕಿಟಕಿ ಇದೆ. ಇಬ್ಬರೂ ಭಾನುವಾರ ಕಾಫಿಗೆ ಕೂತರೆ ಅದೇ ಮಾತು. ಒಂದು ಕಂಪನಿ ಹೊಸ ಚಿಪ್ ಬಿಟ್ಟಿತಂತೆ, ಇನ್ನೊಂದು ಜಾಹೀರಾತಿನಲ್ಲಿ ಅದನ್ನು ಆಡಿಕೊಂಡಿತಂತೆ, ಈಗ ಎಲ್ಲರೂ ಪೈಪೋಟಿಯ ಮೇಲೆ ಕಂಪ್ಯೂಟರಿನ ತಲೆಗೆ ಬುದ್ಧಿ ತುಂಬುತ್ತಿದ್ದಾರಂತೆ. ಜಕ್ಕೂರಿನ ಏರೋಡ್ರೋಮಿನ ಸಣ್ಣ ವಿಮಾನ ಮೇಲೆ ಹಾದಾಗ ಮಾತ್ರ ಇಬ್ಬರೂ ಬಾಯಿಮುಚ್ಚುವುದು ಎಂದು ಅವನ ಪಕ್ಕದ ಮನೆಯವರು ಹೇಳಿದ್ದಾರೆ.

ನನಗೆ ಪಕ್ಷಭೇದವಿಲ್ಲ. ಆಯುಧಪೂಜೆಯ ದಿನ ಎಲ್ಲಕ್ಕೂ ಒಂದೇ ಬಟ್ಟಲಿನ ಕುಂಕುಮ. ಸ್ಮಿತಾಳದಕ್ಕೆ ಇಡುವಾಗ ಅದರ ಹಣೆ ಎಲ್ಲಿ ಎಂದು ಹುಡುಕಿದೆ. ಪರದೆಯ ಮೇಲ್ಗಡೆ, ಸರಿಯಾಗಿ ನಡುವೆ, ಒಂದು ಸಣ್ಣ ಚುಕ್ಕೆ ಕಂಡಿತು. ಕಂಪನಿಯವರೇ ಜಾಗ ಗುರುತು ಮಾಡಿಕೊಟ್ಟಿದ್ದಾರೆ, ಎಷ್ಟು ಸಂಪ್ರದಾಯಸ್ಥರು ಎಂದುಕೊಂಡು ಅದರ ಮೇಲೆ ಒದ್ದೆ ಕುಂಕುಮ ಗಟ್ಟಿಯಾಗಿ ಒತ್ತಿದೆ. ಅದು ಕ್ಯಾಮೆರಾ. ಅವಳ ಆಫೀಸಿನ ಮೀಟಿಂಗಿನಲ್ಲಿ ಎಲ್ಲರ ಮುಖ ಕಂಡರೆ ಇವಳದು ಬರೀ ಕೆಂಪು ಕಂಡಿತಂತೆ. “ಅಮ್ಮಾ!” ಎಂದು ಅವಳು ಕಿರುಚಿದ ದನಿಗೆ ಇವರು ಎಷ್ಟೋ ದಿನದ ಮೇಲೆ ನಕ್ಕರು. ಆ ನಗುವಿಗಾಗಿ ಇನ್ನೂ ನಾಲ್ಕು ಕ್ಯಾಮೆರಾ ಹಾಳುಮಾಡಲು ನಾನು ಸಿದ್ಧಳಿದ್ದೆ.

ಅದೇ ದಸರೆಯ ಹೊತ್ತಿಗೆ ನಮ್ಮ ಮೂಲೆಯ ಕಂಪ್ಯೂಟರಿಗೂ ಸುದ್ದಿ ಬಂತು. ವಿನಯ್ ಪೇಪರು ಮಡಿಸಿಟ್ಟು ಗಂಭೀರವಾಗಿ ಹೇಳಿದ.

“ಆಂಟಿ, ನಿಮ್ಮ ಈ ಹಳೇ ಕಿಟಕಿ ಇದೆಯಲ್ಲ, ಅದಕ್ಕೆ ಇನ್ಮೇಲೆ ಸೆಕ್ಯುರಿಟಿ ಇಲ್ಲ.”

“ಅದಕ್ಕೇನಪ್ಪ, ಗ್ರಿಲ್ ಹಾಕ್ಸೋಣ” ಎಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕು ಆಮೇಲೆ ಬಿಡಿಸಿ ಹೇಳಿದರು. ಹಳೆಯದನ್ನು ಕಂಪನಿಯವರು ಇನ್ನು ನೋಡಿಕೊಳ್ಳುವುದಿಲ್ಲ, ಹೊಸದನ್ನು ಹಾಕಲು ಈ ಯಂತ್ರದ ವಯಸ್ಸು ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಅದನ್ನು ಮುಟ್ಟದೆ ತಿಂಗಳುಗಳಾಗಿದ್ದವು. ಗುಂಡಿ ಒತ್ತಿದರೆ ಪರದೆ ಬೆಳಗಿ, ಅಲ್ಲೇ ನಿಂತು, ಏನೋ ಮರೆತವರ ಹಾಗೆ ನೋಡುತ್ತಿತ್ತು. “ಹೊಸದು ತಗೊಳ್ಳೋಣ. ಯಾವ ಪ್ಲಾಟ್‌ಫಾರ್ಮ್ ಬೇಕು ಹೇಳಿ ಆಂಟಿ” ಎಂದ ವಿನಯ್.

“ಒಂದನೇದೇ ವಾಸಿ. ಯಶವಂತಪುರದಲ್ಲಿ ಮೆಟ್ಲು ಹತ್ತಿ ಆ ಕಡೆಗೆ ಹೋಗೋಕೆ ನನ್ ಮಂಡಿ ಬಿಡಲ್ಲ” ಎಂದೆ. ಇದು ಮಾತ್ರ ನಾನು ಬೇಕೆಂದೇ ಹೇಳಿದ್ದು.

ಅವರ ಜಗಳ ನೋಡಿದಾಗಲೆಲ್ಲ ನನಗೆ ನಮ್ಮೂರಿನ ಎರಡು ಬಸ್ಸುಗಳ ನೆನಪು. ನಾನು ಚಿಕ್ಕವಳಿದ್ದಾಗ ಯಲಹಂಕದ ಕಡೆ ಹೋಗಲು ಹಳದಿಯದೊಂದು, ನೀಲಿಯದೊಂದು ಖಾಸಗಿ ಬಸ್ಸು ಬರುತ್ತಿದ್ದವು. ಒಂದನ್ನೊಂದು ಹಿಂದೆ ಹಾಕುವ ಚಟ. ಊರ ಮಕ್ಕಳಲ್ಲೂ ಎರಡು ಪಕ್ಷ. ನಾನು ನೀಲಿ ಪಕ್ಷ, ಅದರ ಹಾರನ್ನು ಮೂರು ತರಹ ಕೂಗುತ್ತಿತ್ತು, ಸೀಟು ಮೆತ್ತಗಿತ್ತು. ಹಳದಿ ಪಕ್ಷದ ಗೆಳತಿಯ ಜೊತೆ ಒಂದು ಬೇಸಿಗೆ ಪೂರ್ತಿ ಟೂ ಬಿಟ್ಟಿದ್ದೆ. ನಮ್ಮ ಅಜ್ಜಿ ಮಾತ್ರ ಸೊಪ್ಪಿನ ಮಂಕರಿ ಇಟ್ಟುಕೊಂಡು ರಸ್ತೆ ಬದಿಯಲ್ಲಿ ಹಳದಿ ಬಸ್ಸಿಗೇ ಕಾಯುತ್ತಿದ್ದಳು. ನೀಲಿ ಬಸ್ಸು ಮೊದಲು ಬಂದರೂ ಹತ್ತುತ್ತಿರಲಿಲ್ಲ.

“ಅಜ್ಜಿ, ಇದೇ ಚೆನ್ನಾಗಿದೆ ಬಾ” ಎಂದು ಸೆರಗು ಎಳೆದರೆ ಅವಳು ಹೇಳಿದ್ದು ಇಷ್ಟು: “ಚೆಂದಾಗೈತೆ ಅಂತ ನೋಡಬ್ಯಾಡ ಕಣ್ ಮಗ. ನಾವ್ ಇಂಗೆ ಕೈ ತೋರ್ಸುದ್ರೆ ನಿಲ್ಲುಸ್ತಾನಾ ಅಂತ ನೋಡು. ನೀಲಿಯವ್ನು ಮಂಕರಿ ಕಂಡ್ರೆ ಓಡಿಸ್ಕಂಡ್ ಓಯ್ತಾನೆ. ಇವ್ನು ನಿಲ್ಲಿಸಿ, ಇಳ್ದು, ಎತ್ತಿ ಮೇಲಕ್ ಇಡ್ತಾನೆ.”

ಆಗ ನನಗೆ ಅದು ಬಸ್ಸಿನ ಮಾತು ಮಾತ್ರವಾಗಿತ್ತು.

ಮದುವೆಯ ಮುಹೂರ್ತ ಗೊತ್ತಾಯಿತು. ಸ್ಮಿತಾ ತನ್ನ ಸೇಬಿನಲ್ಲಿ ಮೊಬೈಲಿಗೆ ಕಳಿಸುವಂಥ ಆಹ್ವಾನ ಮಾಡಿ ತಂದು ಅಪ್ಪನಿಗೆ ತೋರಿಸಿದಳು. ಹಾಡು, ಹೂಮಳೆ, ಕುದುರೆ ಮೇಲೆ ವಿನಯ್. ಇವರು ಪೂರ್ತಿ ನೋಡಿದರು. ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಎಡಗೈಯಿಂದ ತಮ್ಮ ಎದೆ ಮುಟ್ಟಿಕೊಂಡು, ಎಷ್ಟೋ ವಾರಗಳ ಮೇಲೆ ಬಾಯಿಬಿಟ್ಟರು.

“ಪತಿಕೆ... ನಾನು.”

ಪತ್ರಿಕೆ ನಾನೇ ಹೊಡೆಯುತ್ತೇನೆ ಎಂದು ಮೇಜಿನ ಕೆಳಗಿನ ಮಗುವಿಗೆ ಕೊಟ್ಟ ಮಾತು ಅವರಿಗೆ ನೆನಪಿತ್ತು. ಅವರು ಇನ್ನು ಬೇರೇನನ್ನೂ ಕೇಳುವುದಿಲ್ಲ, ಇದೊಂದು ಅವರ ಕೈಯಲ್ಲಿ ಆಗಿಬಿಡಲಿ ದೇವರೇ ಎಂದು ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಕೈಮುಗಿದೆ.

ಮುಂದಿನ ಭಾನುವಾರ ಹೆಣ್ಣು ನೋಡುವ ಶಾಸ್ತ್ರದ ಹಾಗೆ ಏರ್ಪಾಡಾಯಿತು. ಊಟದ ಮೇಜಿನ ಮೇಲೆ ಒಂದು ಕಡೆ ವಿನಯನ ಕಿಟಕಿ, ಇನ್ನೊಂದು ಕಡೆ ಸ್ಮಿತಾಳ ಸೇಬು. ಅಪ್ಪನ ಕೈಗೆ ಯಾವುದು ಒಗ್ಗಿದರೆ ಅದು. ಎರಡರಲ್ಲೂ ಕನ್ನಡ ಹಾಕಿ ಸಿದ್ಧಮಾಡಿದ್ದರು. ಇವರು ಸ್ನಾನ ಮಾಡಿ, ಶುಭ್ರವಾದ ಅಂಗಿ ತೊಟ್ಟು, ಕಿಟಕಿಯ ಮುಂದೆ ಕೂತರು. ಎಡಗೈ ಕೀಲಿಗಳ ಮೇಲೆ ಇಳಿಯಿತು. ಮೊದಲು ಒಂದು, ಆಮೇಲೆ ಇನ್ನೊಂದು, ನಿಧಾನವಾಗಿ ನಾಲ್ಕು ಸಲ ಒತ್ತಿದರು. ಪರದೆಯ ಮೇಲೆ ಚುಕ್ಕೆಗಳ ಸೊನ್ನೆಗೆ ನೇತುಬಿದ್ದ ಒಂದು ಅನಾಥ ಕೊಂಬು, ಅದರ ಪಕ್ಕ ‘ಸಿಸ’.

ಸಿಸ. ಇವರು ನೋಡಿದರು. ಅಳಿಸಿದರು. ಮತ್ತೆ ಒತ್ತಿದರು. ಸಿಸ. ಸ್ಮಿತಾ ಅವಸರದಿಂದ ಸೇಬನ್ನು ಮುಂದೆ ತಳ್ಳಿದಳು. ಅಲ್ಲೂ ಸಿಸ. ಭಾನುವಾರವೆಲ್ಲ ಕಿತ್ತಾಡುವ ಎರಡು ಕಂಪನಿಗಳು ಇದೊಂದರಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದವು.

ಇವರು ತಮ್ಮ ಬೆರಳನ್ನು ನೋಡಿಕೊಂಡರು. ಹಣೆ ಮುಟ್ಟಿಕೊಂಡರು. “ಹೋತು” ಎಂದರು. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದರು. ಮಾತು ಹೋದಾಗಲೂ ಆ ಮನುಷ್ಯ ಅಷ್ಟು ಕುಗ್ಗಿರಲಿಲ್ಲ. ಬಾಯಿ ಹೋದರೇನು, ಕೈಯಲ್ಲಿ ಕನ್ನಡ ಇದೆ ಎಂದು ಒಳಗೊಳಗೇ ನಂಬಿಕೊಂಡಿದ್ದರು ಅಂತ ಕಾಣುತ್ತದೆ. ಸ್ಮಿತಾ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಊಟ ಯಾರಿಗೂ ಸೇರಲಿಲ್ಲ. ಪಾತ್ರೆ ತೊಳೆದು ಬಂದು, ಕೈಗೆ ಕೆಲಸ ಬೇಕೆಂದು ಮೂಲೆಯ ಕಂಪ್ಯೂಟರಿನ ಧೂಳು ಒರೆಸಲು ಕೂತೆ. ಹಳೆಯ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತ, ಇವರು ಅಂಗಡಿಯಲ್ಲಿ ಪತ್ರಿಕೆ ಶುರುಮಾಡುತ್ತಿದ್ದ ಹಾಗೆ ಸುಮ್ಮನೆ ಬೆರಳಾಡಿಸಿದೆ. ತ. ಮ. ಎಫ್. ಮ. ತಮ್ಮ. ತಮ್ಮ ಆಗಮನಾಭಿಲಾಷಿಗಳು. ಕೈ ನಿಂತುಹೋಯಿತು. ನಾಲ್ಕು ಸಲ! ಬೆಳಿಗ್ಗೆ ಅವರು ಒತ್ತಿದ್ದೂ ನಾಲ್ಕೇ ಸಲ. ಕೊನೆಯ ಸಾಲಿನಿಂದ ಶುರುಮಾಡುವ ಮನುಷ್ಯ ಮೊದಲು ಒತ್ತುವುದು ಇನ್ನೇನನ್ನು?

ಊಟದ ಮೇಜಿನ ಹತ್ತಿರ ಹೋಗಿ, ವಿನಯನ ಕಿಟಕಿಯಲ್ಲಿ ಅದೇ ನಾಲ್ಕು ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿದೆ. ಅದೇ ಅನಾಥ ಕೊಂಬು, ಅದೇ ‘ಸಿಸ’. ನನಗೇನೂ ಪಾರ್ಶ್ವವಾಯು ಹೊಡೆದಿರಲಿಲ್ಲವಲ್ಲ!

“ಸ್ಮಿತಾ! ವಿನಯ್! ಬನ್ರೋ ಇಲ್ಲಿ!” ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಬಂದರು. “ನಾನು ತಮ್ಮ ಅಂತ ಹೊಡೆದ್ರೂ ಸಿಸ ಅಂತಾನೇ ಬರುತ್ತೆ! ಅಪ್ಪನ ತಲೆ ಸ್ವಲ್ಪಾನೂ ಕೆಟ್ಟಿಲ್ಲ ಕಣ್ರೋ, ನಿಮ್ಮ ಕೀಲಿಮಣೇನೇ ಬೇರೆ!”

ವಿನಯ್ ಬಗ್ಗಿ ನೋಡಿ ತಲೆಗೆ ಕೈಹೊತ್ತ. “ಅಯ್ಯೋ! ಇದ್ರಾಗ ಬೇರೆ ಲೇಔಟ್ ಐತ್ರೀ ಆಂಟಿ. ಇಲ್ಲಿ ಎಫ್ ಒತ್ತಿದ್ರ ಗುಡಿಸು ಬರ್ತದ, ಒತ್ತಲ್ಲ.” ಗಾಬರಿಯಲ್ಲಿ ಅವನ ಬೆಂಗಳೂರು ಭಾಷೆ ಜಾರಿ ಧಾರವಾಡ ಹೊರಗೆ ಬಂದಿತ್ತು. ಅವತ್ತಿನಿಂದ ಅವನು ನನಗೆ ಇನ್ನೂ ಹತ್ತಿರದವನಾದ.

ನಾನು ಒಳಗೆ ಓಡಿದೆ. ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಕ್ಕ ಕೂತು ಅವರ ಎಡಗೈಯ ತೋರುಬೆರಳು ಹಿಡಿದುಕೊಂಡೆ. “ರೀ, ಬೆಳಿಗ್ಗೆ ‘ತಮ್ಮ’ ಅಂತ ಹೊಡೆದ್ರಿ ಅಲ್ವಾ?” ಇವರು ಥಟ್ಟನೆ ತಿರುಗಿದರು. “ಸರಿಯಾಗೇ ಹೊಡೆದಿದ್ರಿ. ಒಂದೂ ತಪ್ಪಿಲ್ಲ. ಕಂಪ್ಯೂಟರಿಗೆ ನಿಮ್ಮ ಕನ್ನಡ ಗೊತ್ತಾಗ್ಲಿಲ್ಲ ಅಷ್ಟೆ.” ಅವರ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ನಾನೂ ಅತ್ತೆ. ಯಾಕೆ ಸುಳ್ಳು ಹೇಳಲಿ, ಬಹಳ ಅತ್ತೆ.

ಹಾಲಿಗೆ ಬಂದರೆ ಅಲ್ಲಿ ಮತ್ತೆ ಪಕ್ಷ ಶುರುವಾಗಿತ್ತು. ನನ್ನದರಲ್ಲಿ ಹಳೆಯ ಲೇಔಟ್ ತರಿಸಬಹುದು ಎಂದು ಅವನು, ನನ್ನದರಲ್ಲೂ ಬರುತ್ತದೆ ಎಂದು ಇವಳು. ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ನನ್ನ ಕೂಗು ಕೇಳಿದ್ದ ಅನ್ವರ್ ಭಾಯ್ ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು. ನಮ್ಮ ಅಂಗಡಿಯ ಸಾಲಿನಲ್ಲೇ ಕಂಪ್ಯೂಟರ್ ರಿಪೇರಿ ಮಾಡುವವರು, ಇವರ ಟೀ ಜೊತೆಗಾರರು, ಬಾಯಿ ಜಾಸ್ತಿ. ನಡೆದದ್ದನ್ನು ಕೇಳಿ ಎರಡು ಲ್ಯಾಪ್‌ಟಾಪನ್ನೂ ಕಣ್ಣಲ್ಲೇ ತಳ್ಳಿಹಾಕಿದರು.

“ಅರೆ, ಹೊಸದು ಯಾಕಕ್ಕಾ? ನಮ್ ರಾಜಣ್ಣನ ಹಳೇ ಡಬ್ಬಾಗೆ ಪೆಂಗ್ವಿನ್ ಗುರುತಿನ ಸಾಫ್ಟ್‌ವೇರ್ ಹಾಕ್ಕೊಡ್ತೀನಿ. ನಾನ್ ಎಷ್ಟ್ ವರ್ಷದಿಂದ ಹೇಳ್ತಿದೀನಿ, ಈ ಏರಿಯಾದಲ್ಲಿ ಯಾರ್ ನನ್ ಮಾತು ಕೇಳ್ತಾರೆ!”

“ಅದ್ಯಾವ ಕಂಪನೀದು ಭಾಯ್?” ಎಂದೆ.

“ಕಂಪನೀದೇ ಅಲ್ಲ. ಲೋಕದ ಜನ ಸೇರ್ಕೊಂಡು ಮಾಡಿರೋದು. ಊರ ಕೆರೆ ಇದ್ದಂಗೆ, ಯಾರ್ ಬೇಕಾದ್ರೂ ಬಿಂದಿಗೆ ಹಿಡೀಬಹುದು. ಹಳೇ ಗಾಡೀಲೂ ಓಡುತ್ತೆ. ರಾಜಣ್ಣನ ಕೀಲಿಮಣೆ ಅದರೊಳಗೇ ಇದೆ. ಎಫ್ ಒತ್ತಿದ್ರೆ ಒತ್ತು, ಗ್ಯಾರಂಟಿ!”

ಸೇಬೂ ಕಿಟಕಿಯೂ ಒಂದರ ಮುಖ ಒಂದು ನೋಡಿಕೊಂಡವು. ಸ್ಮಿತಾ ಮೊದಲು ತಲೆಯಾಡಿಸಿದಳು. ವಿನಯ್ ಸಿಪಿಯು ಎತ್ತಿಕೊಂಡು ಅನ್ವರ್ ಭಾಯ್ ಹಿಂದೆ ಇಳಿದ. ನನಗೆ ಮಂಕರಿಯೂ ಹಳದಿ ಬಸ್ಸೂ ನೆನಪಾದವು. ನಿಲ್ಲಿಸಿ, ಇಳಿದು, ಎತ್ತಿ ಇಟ್ಟುಕೊಳ್ಳುವವನು ಒಬ್ಬ ಸಿಕ್ಕಿದ ಹಾಗಾಯಿತು.

ಎರಡು ದಿನದ ಮೇಲೆ, ಬೆಳಗಿನ ತಿಂಡಿ ಮುಗಿದ ಹೊತ್ತಿನಲ್ಲಿ, ಅದು ಮೂಲೆಗೆ ವಾಪಸು ಬಂತು. ನಾನು ಜರಿಯಂಚಿನ ಅಂಗಿ ತೆಗೆದೆ. ಈ ಸಲ ಕುಂಕುಮವನ್ನು ಸಿಪಿಯುವಿನ ನೆತ್ತಿಗಿಟ್ಟೆ, ಸುತ್ತಮುತ್ತ ಯಾವ ಚುಕ್ಕೆಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು. ಇವರು ಕೂತರು. ಹಿಂದೆ ನಾವು ನಾಲ್ವರು ನಿಂತೆವು. ಅನ್ವರ್ ಭಾಯ್ ಕೂಡ ಬಾಯಿಮುಚ್ಚಿಕೊಂಡಿದ್ದರು ಎಂದರೆ ನೀವೇ ಊಹಿಸಿ.

ಎಡಗೈಯ ತೋರುಬೆರಳು ಕೀಲಿಗಳ ಮೇಲೆ ತಡಕಾಡಿತು. ಆ ನುಣ್ಣನೆಯ ಬೋಳು ಜಾಗ ಸಿಕ್ಕಿದೊಡನೆ, ಕತ್ತಲಲ್ಲಿ ತನ್ನ ಮನೆ ಬಾಗಿಲು ಮುಟ್ಟಿದವರ ಹಾಗೆ, ಇವರ ಹೆಗಲು ಸಡಿಲವಾಯಿತು. ತ. ಮ. ಎಫ್. ಮ.

ತಮ್ಮ.

ಸ್ಮಿತಾ ನನ್ನ ತೋಳು ಹಿಡಿದುಕೊಂಡಳು. ಒಂದೊಂದೇ ಅಕ್ಷರ, ನಡುನಡುವೆ ವಿಶ್ರಾಂತಿ. ‘ಆಗಮನಾಭಿಲಾಷಿಗಳು’ ಮುಗಿಯುವ ಹೊತ್ತಿಗೆ ನನ್ನ ಕಾಫಿ ಪೂರಾ ಆರಿತ್ತು. ಆಮೇಲೆ ಕೆಳಗಿನ ಸಾಲಿಗೆ ಇಳಿದು ‘ಶ್ರೀಮತಿ’ ಹೊಡೆದರು. ಮುಂದೆ ‘ಮತ್ತು ಶ್ರೀ’ ಬರಬೇಕು, ಅದು ಎಲ್ಲ ಪತ್ರಿಕೆಯ ರೂಢಿ. ಬೆರಳು ನಿಂತಿತು. ದಣಿದಿರಬೇಕು ಎಂದು “ಸಾಕು ರೀ, ಮಿಕ್ಕಿದ್ದು ನಾಳೆ” ಎಂದೆ. ಇವರು ಉಹ್ಞೂಂ ಎಂದು ತಲೆಯಾಡಿಸಿದರು.

ಪು ಬಂತು. ಟ ಬಂತು. ಬೆರಳು ಬೋಳು ಕೀಲಿಗೆ ಹೋಗಿ ಒತ್ತಿ ಬಂತು. ಮತ್ತೆ ಟ. ಮ. ಮತ್ತೆ ಬೋಳು ಕೀಲಿ. ಮತ್ತೆ ಮ.

ಇವರು ಕುರ್ಚಿಯಲ್ಲೇ ನಿಧಾನವಾಗಿ ತಿರುಗಿ ನನ್ನನ್ನು ನೋಡಿ, “ಪುಟಮ” ಎಂದು ಕರೆದರು. ಬಾಯಲ್ಲಿ ಒತ್ತು ಬರಲಿಲ್ಲ. ಪರದೆಯ ಮೇಲೆ ಎರಡೂ ಇದ್ದವು.